ಸಾರಥಿಯಿಲ್ಲದ ಮೋಟಾರು ಮತ್ತು ನಾಳೆಯ ನಗರ

ವಾಹನಕ್ಕೆ ಸಾರಥಿ ಬೇಕೆಂಬುದು ಗಾಲಿಯಷ್ಟೇ ಹಳೆಯ ಭಾವನೆ. ಆದರೂ ಹಿಂದಿನ ಕಾಲದ ಸಾರಥಿ ಒಬ್ಬನೇ ಇರಲಿಲ್ಲವೆಂಬುದನ್ನು ನಾವು ಮರೆಯಬಾರದು. ಸಂತೆಯಿಂದ ರಾತ್ರಿ ಹಿಂದಿರುಗುವ ರೈತನು ಬಂಡಿಯಲ್ಲಿ ತೂಕಡಿಸಿದರೂ ಎತ್ತುಗಳು ದಾರಿ ತಪ್ಪದೆ ಹಟ್ಟಿಯನ್ನು ಸೇರುತ್ತಿದ್ದುವು. ಎದುರಿಗೆ ಹಳ್ಳವಿದ್ದರೆ ಕುದುರೆ ತಾನಾಗಿಯೇ ನಿಲ್ಲುತ್ತಿತ್ತು. ಮೋಟಾರು ಬಂದಾಗ ವಾಹನದ ಬಲ ನೂರ್ಮಡಿಯಾಯಿತು; ಆದರೆ ಅದರೊಡನೆ ವಾಹನವು ಕುರುಡಾಯಿತು. ನೋಡುವ, ತಿಳಿಯುವ, ನಿರ್ಧರಿಸುವ ಹೊಣೆಯೆಲ್ಲವೂ ಚಕ್ರ ಹಿಡಿದ ಮನುಷ್ಯನ ಮೇಲೆ ಬಿದ್ದಿತು. ಆ ಹೊಣೆಯ ಬೆಲೆ ಅಲ್ಪವಾದುದಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ರಲ್ಲಿ ಕೊಟ್ಟ ಲೆಕ್ಕದಂತೆ ಪ್ರತಿವರ್ಷವೂ ಸುಮಾರು ೧೧ ಲಕ್ಷ ೯೦ ಸಾವಿರ ಮಂದಿ ರಸ್ತೆಗಳಲ್ಲಿ ಮಡಿಯುತ್ತಾರೆ. ನಮ್ಮ ದೇಶವೊಂದರಲ್ಲಿಯೇ ೨೦೨೨ರಲ್ಲಿ ಮಡಿದವರು ೧,೬೮,೪೯೧ ಮಂದಿ.

ಕುರುಡಾದ ಈ ವಾಹನಕ್ಕೆ ಮತ್ತೆ ಕಣ್ಣನ್ನು ಕೊಡುವ ಪ್ರಯತ್ನವೇ ಸ್ವಯಂಚಾಲಿತ ಮೋಟಾರು. ಅದು ಹೇಗೆ ನೋಡುತ್ತದೆ, ಎಷ್ಟರಮಟ್ಟಿಗೆ ನಂಬಬಹುದು, ಬಂದ ಮೇಲೆ ನಗರ, ವ್ಯಾಪಾರ, ದಿನದ ಬಾಳು ಯಾವ ರೀತಿಯಲ್ಲಿ ಬದಲಾಗಬಹುದು ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ವಿಚಾರ ಮಾಡೋಣ.

ಕನಸಿನಿಂದ ರಸ್ತೆಗೆ

ಈ ಕನಸು ಹೊಸದಲ್ಲ. ೧೯೩೯ರಲ್ಲಿ ನ್ಯೂಯಾರ್ಕ್ ನಗರದ ವಿಶ್ವಪ್ರದರ್ಶನದಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಗಾಗಿ ನಾರ್ಮನ್ ಬೆಲ್ ಗೆಡೆಸ್ ಎಂಬ ವಿನ್ಯಾಸಕಾರನು ೧೯೬೦ರ ಅಮೆರಿಕದ ಪುಟ್ಟ ಮಾದರಿಯೊಂದನ್ನು ನಿರ್ಮಿಸಿ ತೋರಿಸಿದನು. ಅದರಲ್ಲಿ ಕಾರುಗಳು ರೇಡಿಯೋ ಸಂಕೇತಗಳ ಸಹಾಯದಿಂದ ತಮ್ಮ ನಡುವಣ ಅಂತರವನ್ನು ತಾವೇ ಕಾಯ್ದುಕೊಂಡು ಓಡುವುವೆಂದು ಹೇಳಲಾಗಿತ್ತು. ೧೯೬೦ ಬಂದು ಹೋಯಿತು, ಕಾರು ಬರಲಿಲ್ಲ. ಕಾರಣ ಸರಳವಾದುದು. ರಸ್ತೆಯ ದೃಶ್ಯವನ್ನು ಕ್ಷಣಕ್ಷಣವೂ ಬಿಡಿಸಿ ಅರ್ಥಮಾಡಿಕೊಳ್ಳಬಲ್ಲ ಗಣಕಯಂತ್ರ ಆಗ ಇರಲಿಲ್ಲ.

೧೯೮೦ರ ದಶಕದಲ್ಲಿ ಜರ್ಮನಿಯ ಅರ್ನ್ಸ್ಟ್ ಡಿಕ್‌ಮನ್ಸ್ ಎಂಬ ವಿಜ್ಞಾನಿ ಕ್ಯಾಮೆರಾ ಮತ್ತು ಗಣಕಯಂತ್ರಗಳನ್ನು ವಾಹನಕ್ಕೆ ಜೋಡಿಸಿದರು. ೧೯೯೫ರಲ್ಲಿ ಅವರ ಕಾರು ಮ್ಯೂನಿಕ್ ನಗರದಿಂದ ಡೆನ್ಮಾರ್ಕಿಗೆ ಹೋಗುವ ದಾರಿಯ ಬಹುಭಾಗವನ್ನು ಮನುಷ್ಯನ ಕೈ ಸೋಕದೆ ಕ್ರಮಿಸಿತು. ಅನಂತರ ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನ ಶಾಖೆಯು ಒಂದು ಪಂದ್ಯವನ್ನು ಏರ್ಪಡಿಸಿತು. ೨೦೦೪ರ ಮಾರ್ಚ್‌ನಲ್ಲಿ ಮೊಹಾವಿ ಮರುಭೂಮಿಯಲ್ಲಿ ೧೪೨ ಮೈಲಿಗಳ ದಾರಿಯನ್ನು ಗುರುತಿಸಿ ೧೦ ಲಕ್ಷ ಡಾಲರುಗಳ ಬಹುಮಾನವನ್ನು ಸಾರಲಾಯಿತು. ೧೫ ವಾಹನಗಳು ಹೊರಟುವು. ಎಲ್ಲಕ್ಕಿಂತ ಮುಂದೆ ಹೋದುದು ಏಳು ಮೈಲಿಗಳಿಗಿಂತ ಸ್ವಲ್ಪ ಹೆಚ್ಚು ದೂರ ಹೋಗಿ ಕೆಟ್ಟು ನಿಂತಿತು. ನೋಡಿದವರು ನಕ್ಕರು. ಆದರೆ ಮರುವರ್ಷ, ೨೦೦೫ರ ಅಕ್ಟೋಬರ್‌ನಲ್ಲಿ, ೧೩೨ ಮೈಲಿಗಳ ಅಂಥದೇ ದಾರಿಯನ್ನು ಐದು ವಾಹನಗಳು ಪೂರೈಸಿದುವು; ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ‘ಸ್ಟ್ಯಾನ್ಲಿ’ ಏಳು ಗಂಟೆಯೊಳಗೆ ಗುರಿ ಮುಟ್ಟಿ ಗೆದ್ದಿತು. ಒಂದೂವರೆ ವರ್ಷದ ಅಂತರದಲ್ಲಿ ಆದ ಈ ಪ್ರಗತಿಯೇ ಮುಂದಿನ ಎಲ್ಲ ಪ್ರಯತ್ನಗಳಿಗೆ ಬೀಜವಾಯಿತು. ಗೂಗಲ್ ಸಂಸ್ಥೆ ೨೦೦೯ರಲ್ಲಿ ಈ ಕೆಲಸವನ್ನು ಕೈಗೊಂಡಿತು. ಅದರಿಂದ ಬೆಳೆದ ವೇಮೋ ಕಂಪನಿಯು ೨೦೨೦ರ ಅಕ್ಟೋಬರ್‌ನಲ್ಲಿ ಅರಿಜೋನ ಸಂಸ್ಥಾನದ ಫೀನಿಕ್ಸ್ ನಗರದ ಹೊರವಲಯದಲ್ಲಿ ಚಾಲಕನಿಲ್ಲದ ಬಾಡಿಗೆ ಕಾರುಗಳನ್ನು ಸಾರ್ವಜನಿಕರಿಗೆ ತೆರೆಯಿತು.

ಯಂತ್ರವು ನೋಡುವ ಬಗೆ

ಈ ಕಾರುಗಳಿಗೆ ಸಾಮಾನ್ಯವಾಗಿ ಮೂರು ಬಗೆಯ ಕಣ್ಣುಗಳುಂಟು. ಮೊದಲನೆಯದು ಕ್ಯಾಮೆರಾ. ಬಣ್ಣ, ಬರೆಹ, ಸಿಗ್ನಲ್ ದೀಪಗಳನ್ನು ಇದು ಗುರುತಿಸುತ್ತದೆ. ಎರಡನೆಯದು ರೇಡಾರ್. ಇದು ರೇಡಿಯೋ ತರಂಗಗಳನ್ನು ಕಳುಹಿಸಿ ಅವುಗಳ ಪ್ರತಿಧ್ವನಿಯನ್ನು ಕೇಳುತ್ತದೆ. ಡಾಪ್ಲರ್ ಪರಿಣಾಮದಿಂದ ಎದುರಿನ ವಸ್ತುವಿನ ವೇಗವನ್ನು ನೇರವಾಗಿ ಅಳೆಯುತ್ತದೆ. ಮಂಜು, ಮಳೆಗಳಿಗೆ ಸುಲಭವಾಗಿ ಜಗ್ಗುವುದಿಲ್ಲ. ಮೂರನೆಯದು ಲಿಡಾರ್. ಇದು ಲೇಸರ್ ಬೆಳಕಿನ ಮಿನುಗುಗಳನ್ನು ಸುತ್ತಲೂ ಎರಚಿ, ಅವು ತಾಗಿ ಹಿಂದಿರುಗಲು ಹಿಡಿದ ಕಾಲದಿಂದ ದೂರವನ್ನು ಗುಣಿಸುತ್ತದೆ. ಬೆಳಕು ಸೆಕೆಂಡಿಗೆ ೩ ಲಕ್ಷ ಕಿಲೋಮೀಟರು ಓಡುವುದಷ್ಟೆ. ೩೦ ಮೀಟರು ದೂರದ ಮರಕ್ಕೆ ಹೋಗಿ ಬರುವ ೬೦ ಮೀಟರಿಗೆ ಅದಕ್ಕೆ ಬೇಕಾಗುವ ಕಾಲ ಒಂದು ಸೆಕೆಂಡಿನ ೫೦ ಲಕ್ಷದಲ್ಲೊಂದು ಪಾಲು! ಇಷ್ಟು ಸೂಕ್ಷ್ಮವಾದ ಕಾಲವನ್ನು ಸೆಕೆಂಡಿಗೆ ಲಕ್ಷಾಂತರ ಸಲ ಅಳೆದು, ಚುಕ್ಕೆಗಳಿಂದ ಬಿಡಿಸಿದ ರಂಗೋಲಿಯಂತೆ ಸುತ್ತಲಿನ ಲೋಕದ ಆಕಾರವನ್ನು ಯಂತ್ರವು ಮೂಡಿಸಿಕೊಳ್ಳುತ್ತದೆ.

ನೋಡಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಕಂಡದ್ದು ಏನು? ಅದು ಮುಂದಿನ ಕೆಲವು ಸೆಕೆಂಡುಗಳಲ್ಲಿ ಎಲ್ಲಿರುವುದು? ನಾನು ಯಾವ ದಾರಿ ಹಿಡಿಯಬೇಕು? ಈ ಮೂರು ಪ್ರಶ್ನೆಗಳಿಗೆ ಸೆಕೆಂಡಿಗೆ ಹಲವು ಬಾರಿ ಉತ್ತರ ಕಂಡುಕೊಳ್ಳುವುದೇ ಚಾಲನೆ. ಇವುಗಳಲ್ಲಿ ಎರಡನೆಯದೇ ಕಠಿಣವಾದುದು. ಕಂಬವು ನಾಳೆಯೂ ಅಲ್ಲಿಯೇ ಇರುವುದು. ಚೆಂಡಿನ ಹಿಂದೆ ಓಡುವ ಮಗು ಮರುಗಳಿಗೆ ಎಲ್ಲಿರುವುದೆಂದು ಹೇಳುವುದು ಹೇಗೆ?

ಯಂತ್ರದ ಸ್ವಾತಂತ್ರ್ಯವನ್ನು ಎಂಜಿನಿಯರುಗಳು ಸೊನ್ನೆಯಿಂದ ಐದರವರೆಗಿನ ಮೆಟ್ಟಿಲುಗಳಲ್ಲಿ ಅಳೆಯುತ್ತಾರೆ. ಎರಡನೆಯ ಮೆಟ್ಟಿಲಿನಲ್ಲಿ ಕಾರು ತಾನೇ ತಿರುಗುವುದು, ತಾನೇ ನಿಲ್ಲುವುದು. ಆದರೆ ಮನುಷ್ಯ ಎಡೆಬಿಡದೆ ಕಾಯುತ್ತಿರಬೇಕು. ನಾಲ್ಕನೆಯದರಲ್ಲಿ ಗೊತ್ತಾದ ಪ್ರದೇಶದೊಳಗೆ ಮನುಷ್ಯನೇ ಬೇಡ. ಫೀನಿಕ್ಸ್ ನಗರದ ಕಾರುಗಳು ಈ ವರ್ಗಕ್ಕೆ ಸೇರಿದುವು. ಎಲ್ಲಿಯಾದರೂ, ಯಾವ ಹವೆಯಲ್ಲಾದರೂ ಓಡಬಲ್ಲ ಐದನೆಯ ಮೆಟ್ಟಿಲಿನ ಕಾರನ್ನು ಯಾರೂ ನಿರ್ಮಿಸಿಲ್ಲ.

ಒಂದು ಸಣ್ಣ ಲೆಕ್ಕ

ಇಷ್ಟೆಲ್ಲ ಪ್ರಯಾಸದಿಂದ ಆಗುವ ಲಾಭವೇನು? ಭೌತಶಾಸ್ತ್ರದ ಮೊದಲ ಪಾಠಗಳಿಂದಲೇ ಇದನ್ನು ತಿಳಿಯಬಹುದು. ಒಂದು ಕಾರು ಗಂಟೆಗೆ ೫೪ ಕಿಲೋಮೀಟರು, ಎಂದರೆ ಸೆಕೆಂಡಿಗೆ ೧೫ ಮೀಟರು ವೇಗದಲ್ಲಿ ಬರುತ್ತಿದೆಯೆಂದೂ, ಅದರ ಬ್ರೇಕು ಸೆಕೆಂಡಿಗೆ ಸೆಕೆಂಡಿಗೆ ೭.೫ ಮೀಟರಿನಂತೆ ವೇಗವನ್ನು ತಗ್ಗಿಸಬಲ್ಲುದೆಂದೂ ಇಟ್ಟುಕೊಳ್ಳೋಣ. ಬ್ರೇಕು ಹಿಡಿದ ಮೇಲೆ ಕಾರು ಓಡುವ ದೂರ, ವೇಗದ ವರ್ಗವನ್ನು ವೇಗಾಪಕರ್ಷದ ಎರಡರಷ್ಟರಿಂದ ಭಾಗಿಸಿದಷ್ಟು: ೨೨೫ನ್ನು ೧೫ರಿಂದ ಭಾಗಿಸಿದರೆ ೧೫ ಮೀಟರು. ಆದರೆ ಮನುಷ್ಯನು ಅಪಾಯವನ್ನು ಕಂಡು ಕಾಲನ್ನು ಬ್ರೇಕಿನ ಮೇಲಿಡುವಷ್ಟರಲ್ಲಿ ಸುಮಾರು ಒಂದೂವರೆ ಸೆಕೆಂಡು ಕಳೆಯುತ್ತದೆ. ಅಷ್ಟರಲ್ಲಿ ಕಾರು ೨೨.೫ ಮೀಟರು ಮುಂದೆ ಬಂದಿರುತ್ತದೆ. ಒಟ್ಟು ೩೭.೫ ಮೀಟರು. ಯಂತ್ರವು ೦.೩ ಸೆಕೆಂಡಿನಲ್ಲಿ ಎಚ್ಚತ್ತರೆ ಒಟ್ಟು ೧೯.೫ ಮೀಟರಿನಲ್ಲಿಯೇ ನಿಲ್ಲುವುದು.

ಈಗ ೨೫ ಮೀಟರು ದೂರದಲ್ಲಿ ಮಗುವೊಂದು ರಸ್ತೆಗೆ ಓಡಿಬಂತೆನ್ನೋಣ. ಯಂತ್ರ ನಡೆಸುವ ಕಾರು ಮಗುವಿಗೆ ಐದೂವರೆ ಮೀಟರು ಮೊದಲೇ ನಿಂತುಬಿಡುವುದು. ಮನುಷ್ಯನ ಕಾರಿಗಾದರೋ ಬ್ರೇಕು ಹಿಡಿಯಲು ಉಳಿಯುವುದು ಎರಡೂವರೆ ಮೀಟರು ಮಾತ್ರ; ಅದು ಗಂಟೆಗೆ ೪೯ ಕಿಲೋಮೀಟರು ವೇಗದಲ್ಲಿ ಮಗುವನ್ನು ತಾಗುವುದು. ವ್ಯತ್ಯಾಸವು ಬ್ರೇಕಿನ ಶಕ್ತಿಯಲ್ಲಿಲ್ಲ, ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚಾದ ಕಾಲದಲ್ಲಿದೆ. ಇದರ ಜೊತೆಗೆ ಯಂತ್ರವು ಕುಡಿಯುವುದಿಲ್ಲ, ತೂಕಡಿಸುವುದಿಲ್ಲ, ದೂರವಾಣಿಯನ್ನು ನೋಡುತ್ತ ಮೈಮರೆಯುವುದಿಲ್ಲ.

ಯಂತ್ರವು ಸೋಲುವ ಎಡೆ

ಆದರೆ ಈ ಲೆಕ್ಕವೆಲ್ಲ ಯಂತ್ರವು ಕಂಡುದನ್ನು ಸರಿಯಾಗಿ ತಿಳಿದಿದೆ ಎಂಬ ಆಧಾರದ ಮೇಲೆ ನಿಂತಿದೆ. ೨೦೧೮ರ ಮಾರ್ಚ್ ೧೮ರ ರಾತ್ರಿ ಅರಿಜೋನದ ಟೆಂಪಿ ಎಂಬಲ್ಲಿ ಊಬರ್ ಸಂಸ್ಥೆಯ ಪರೀಕ್ಷಾ ವಾಹನವು ಸೈಕಲ್ಲನ್ನು ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬರನ್ನು ಕೊಂದಿತು. ಡಿಕ್ಕಿಗೆ ೫.೬ ಸೆಕೆಂಡು ಮೊದಲೇ ಯಂತ್ರವು ಅವರನ್ನು ಕಂಡಿತ್ತೆಂದು ಸರ್ಕಾರಿ ತನಿಖೆಯಿಂದ ತಿಳಿದುಬಂದಿತು. ಆದರೆ ಕಂಡುದನ್ನು ಒಮ್ಮೆ ವಾಹನವೆಂದು, ಒಮ್ಮೆ ಬೇರೇನೋ ವಸ್ತುವೆಂದು, ಒಮ್ಮೆ ಸೈಕಲ್ಲೆಂದು ಬಗೆಬಗೆಯಾಗಿ ಹೆಸರಿಸಿ, ಹೆಸರು ಬದಲಾದಾಗಲೆಲ್ಲ ಅದರ ಹಿಂದಿನ ಚಲನೆಯನ್ನು ಮರೆತು, ಮುಂದಿನ ದಾರಿಯನ್ನು ಹೊಸದಾಗಿ ಊಹಿಸತೊಡಗಿತು. ದಾಟುಪಟ್ಟೆಯಿಲ್ಲದ ಕಡೆ ಮನುಷ್ಯನು ರಸ್ತೆ ದಾಟಬಹುದೆಂಬ ಎಣಿಕೆಯೇ ಅದರಲ್ಲಿರಲಿಲ್ಲ. ಕಾವಲಿಗೆ ಕುಳಿತಿದ್ದವರ ಕಣ್ಣು ದೂರವಾಣಿಯ ಮೇಲಿತ್ತು.

೨೦೨೩ರ ಅಕ್ಟೋಬರ್ ೨ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಇನ್ನೊಂದು ಬಗೆಯ ಪಾಠ ದೊರಕಿತು. ಮನುಷ್ಯನೊಬ್ಬನು ನಡೆಸುತ್ತಿದ್ದ ಕಾರು ತಾಗಿ ಒಬ್ಬ ಪಾದಚಾರಿಯು ಕ್ರೂಸ್ ಕಂಪನಿಯ ಚಾಲಕರಹಿತ ಕಾರಿನ ಮುಂದೆ ಬಿದ್ದರು. ಆ ಕಾರು ತಾಗಿ ನಿಂತಿತು. ಬಳಿಕ ‘ಅಪಘಾತವಾದರೆ ಬದಿಗೆ ಸರಿ’ ಎಂಬ ನಿಯಮದಂತೆ ಸರಿಯಹೋಗಿ, ಅಡಿಯಲ್ಲಿ ಸಿಕ್ಕಿಕೊಂಡಿದ್ದವರನ್ನು ಸುಮಾರು ೨೦ ಅಡಿ ಎಳೆದೊಯ್ದಿತು. ನಿಯಮವೇನೋ ಒಳ್ಳೆಯದೇ, ಸಂದರ್ಭದ ಅರಿವು ಇರಲಿಲ್ಲ. ಆ ತಿಂಗಳೇ ಕ್ಯಾಲಿಫೋರ್ನಿಯ ಸರ್ಕಾರವು ಕಂಪನಿಯ ಅನುಮತಿಯನ್ನು ತಡೆಹಿಡಿಯಿತು. ೨೦೨೪ರ ಡಿಸೆಂಬರ್‌ನಲ್ಲಿ ಒಡೆಯರಾದ ಜನರಲ್ ಮೋಟಾರ್ಸ್ ಸಂಸ್ಥೆಯವರು ಆ ಬಾಡಿಗೆ ಕಾರುಗಳ ಯೋಜನೆಯನ್ನೇ ಕೈಬಿಟ್ಟರು.

ಹಾಗಾದರೆ ಯಂತ್ರವು ಮನುಷ್ಯನಿಗಿಂತ ಕ್ಷೇಮವೆಂದು ಸಿದ್ಧಪಡಿಸುವುದು ಹೇಗೆ? ಅಮೆರಿಕದಲ್ಲಿ ಸುಮಾರು ೧೦ ಕೋಟಿ ಮೈಲಿಗಳ ಓಟಕ್ಕೆ ಒಂದರಂತೆ ರಸ್ತೆ ಸಾವುಗಳು ಸಂಭವಿಸುತ್ತವೆ. ರ‍್ಯಾಂಡ್ ಸಂಸ್ಥೆಯವರು ೨೦೧೬ರಲ್ಲಿ ತೋರಿಸಿಕೊಟ್ಟಂತೆ, ಯಂತ್ರವು ಈ ಮಟ್ಟಕ್ಕೆ ಕಡಮೆಯಲ್ಲವೆಂದು ಶೇಕಡ ೯೫ರ ಭರವಸೆಯಿಂದ ಹೇಳಬೇಕಾದರೆ ಅದು ಒಂದು ಸಾವೂ ಇಲ್ಲದೆ ೨೭.೫ ಕೋಟಿ ಮೈಲಿಗಳನ್ನು ಓಡಿರಬೇಕು. ಸರಾಸರಿ ಮೂರು ಸಾವುಗಳು ಸಂಭವಿಸಬೇಕಾದ ದೂರದಲ್ಲಿ ಒಂದೂ ಸಂಭವಿಸದಿದ್ದರೆ, ಅದು ಕೇವಲ ಅದೃಷ್ಟವಾಗಿರುವ ಸಾಧ್ಯತೆ ಶೇಕಡ ೫ರಷ್ಟು ಎಂಬುದೇ ಇದರ ಹಿಂದಿನ ತತ್ತ್ವ. ಸಂಖ್ಯಾಶಾಸ್ತ್ರವು ಅವಸರವನ್ನು ಮೆಚ್ಚುವುದಿಲ್ಲ.

ನಗರದ ರೂಪ

ಯಂತ್ರವು ಸುಧಾರಿಸಿ ಸಂಪೂರ್ಣವಾಗಿ ನಂಬಿಕೆಗೆ ಅರ್ಹವಾಯಿತೆಂದೇ ಇಟ್ಟುಕೊಳ್ಳೋಣ. ಆಗ ನಗರಕ್ಕೆ ಏನಾಗುವುದು?

ದಿನಕ್ಕೆ ಒಂದು ಗಂಟೆ ಓಡುವ ಕಾರು ಉಳಿದ ೨೩ ಗಂಟೆಗಳ ಕಾಲ ನಿಂತಿರುತ್ತದೆ. ನಿಲ್ಲಲು ಅದಕ್ಕೆ ಮನೆಯಲ್ಲೊಂದು, ಕಚೇರಿಯಲ್ಲೊಂದು, ಅಂಗಡಿಯ ಬಳಿಯಲ್ಲೊಂದು ಜಾಗ ಬೇಕು. ಒಂದೇ ಕಾರು ಹತ್ತಾರು ಮಂದಿಯನ್ನು ಒಬ್ಬರಾದ ಮೇಲೊಬ್ಬರಂತೆ ಕರೆದೊಯ್ದರೆ ಕಾರುಗಳ ಸಂಖ್ಯೆ ಇಳಿಯುವುದು. ಕಾರು ನಿಲ್ಲಿಸುವ ಜಾಗಗಳಲ್ಲಿ ಮರ, ಮನೆ, ಆಟದ ಬಯಲುಗಳು ಏಳಬಹುದು. ಇದು ಸುಂದರವಾದ ಒಂದು ಭವಿಷ್ಯ.

ಇನ್ನೊಂದು ಭವಿಷ್ಯವೂ ಉಂಟು. ಪ್ರತಿಯೊಬ್ಬನೂ ಸ್ವಂತ ಕಾರನ್ನೇ ಇಟ್ಟುಕೊಂಡು, ಕಚೇರಿಗೆ ಇಳಿದ ಮೇಲೆ ಅದನ್ನು ಬರಿದಾಗಿ ಮನೆಗೆ ಕಳುಹಿಸಿ ಸಂಜೆ ಮತ್ತೆ ಕರೆಸಿಕೊಂಡರೆ? ೧೫ ಕಿಲೋಮೀಟರು ದೂರದ ಕಚೇರಿಗೆ ದಿನಕ್ಕೆ ೩೦ ಕಿಲೋಮೀಟರು ಓಡುತ್ತಿದ್ದ ಕಾರು ೬೦ ಕಿಲೋಮೀಟರು ಓಡುವುದು. ಅದರಲ್ಲಿ ಅರ್ಧ ದೂರ ಒಳಗೆ ಒಂದು ನರಪಿಳ್ಳೆಯೂ ಇರುವುದಿಲ್ಲ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಆಡಂ ಮಿಲ್ಲರ್ಡ್-ಬಾಲ್ ಅವರು ೨೦೧೯ರಲ್ಲಿ ಮಾಡಿದ ಗಣನೆಯಂತೆ, ಬರಿಯ ಕಾರು ಬೀದಿಯಲ್ಲಿ ಮೆಲ್ಲನೆ ಸುತ್ತುತ್ತಿರಲು ತಗಲುವ ವೆಚ್ಚ ಗಂಟೆಗೆ ಸುಮಾರು ಅರ್ಧ ಡಾಲರು ಮಾತ್ರ. ದೊಡ್ಡ ನಗರದ ನಡುವೆ ಕಾರು ನಿಲ್ಲಿಸುವ ಬಾಡಿಗೆ ಅದಕ್ಕಿಂತ ಎಷ್ಟೋ ಹೆಚ್ಚು. ಅಗ್ಗವಾದುದನ್ನೇ ಜನರು ಆರಿಸಿಕೊಳ್ಳುವುದು ಸಹಜವಲ್ಲವೆ?

ಇದು ಬರಿಯ ಊಹೆಯಲ್ಲ. ಅದೇ ವಿಶ್ವವಿದ್ಯಾಲಯದ ಬರ್ಕ್ಲಿ ಶಾಖೆಯ ಸಂಶೋಧಕರು ಒಂದು ಜಾಣ ಪ್ರಯೋಗವನ್ನು ಮಾಡಿ ೨೦೧೮ರಲ್ಲಿ ಪ್ರಕಟಿಸಿದರು. ಸ್ಯಾನ್ ಫ್ರಾನ್ಸಿಸ್ಕೋ ಪ್ರಾಂತದ ೧೩ ಮಂದಿಗೆ ಒಂದು ವಾರದ ಮಟ್ಟಿಗೆ ಸಂಬಳದ ಚಾಲಕನನ್ನು ಉಚಿತವಾಗಿ ಒದಗಿಸಿಕೊಟ್ಟರು. ಕುಳಿತವನ ಪಾಲಿಗೆ ಚಾಲಕನಿರುವ ಕಾರೂ ತಾನಾಗಿ ಓಡುವ ಕಾರೂ ಒಂದೇ. ಫಲವೇನಾಯಿತು? ಅವರ ಕಾರುಗಳು ಓಡಿದ ದೂರ ಶೇಕಡ ೮೩ರಷ್ಟು ಏರಿತು. ೧೩ ಮಂದಿಯಿಂದ ಲೋಕನಿಯಮವನ್ನು ಕಟ್ಟಲಾಗದೆಂಬುದು ನಿಜ. ಆದರೂ ದಿಕ್ಕು ಯಾವುದೆಂದು ಇದು ತೋರಿಸುತ್ತದೆ. ಯಂತ್ರದ ದಕ್ಷತೆ ಹೆಚ್ಚಿದಂತೆ ಕಲ್ಲಿದ್ದಲಿನ ಬಳಕೆ ತಗ್ಗುವುದಿಲ್ಲ, ಏರುವುದೆಂದು ಇಂಗ್ಲೆಂಡಿನ ವಿಲಿಯಂ ಜೆವನ್ಸ್ ೧೮೬೫ರಲ್ಲಿಯೇ ಎಚ್ಚರಿಸಿದ್ದನು. ಪ್ರಯಾಣದ ಆಯಾಸಕ್ಕೂ ಈ ಮಾತು ಸಲ್ಲುತ್ತದೆ. ಕಾರಿನಲ್ಲಿ ಓದಬಹುದು, ಮಲಗಬಹುದು ಎಂದಾದರೆ ಜನರು ಇನ್ನೂ ದೂರದಲ್ಲಿ ಮನೆ ಕಟ್ಟುವರು. ಊರು ಹೊಲಗದ್ದೆಗಳ ಮೇಲೆ ಹರಡುವುದು.

ರಸ್ತೆಯ ಒಳಹರಿವಿನ ವಿಷಯದಲ್ಲಿ ಯಂತ್ರದಿಂದ ನಿಜವಾದ ಲಾಭವುಂಟು. ಜಪಾನಿನ ಸಂಶೋಧಕರು ೨೨ ಕಾರುಗಳನ್ನು ೨೩೦ ಮೀಟರು ಸುತ್ತಳತೆಯ ವೃತ್ತದಲ್ಲಿ ಒಂದೇ ವೇಗದಿಂದ ಓಡಿಸಲು ಯತ್ನಿಸಿ ೨೦೦೮ರಲ್ಲಿ ಫಲವನ್ನು ಪ್ರಕಟಿಸಿದರು. ಯಾವ ಅಡ್ಡಿಯೂ ಇಲ್ಲದಿದ್ದರೂ ಸ್ವಲ್ಪ ಹೊತ್ತಿನಲ್ಲಿಯೇ ನಿಲುಗಡೆಯ ಅಲೆಯೊಂದು ಎದ್ದು ಹಿಮ್ಮುಖವಾಗಿ ಸಾಗತೊಡಗಿತು. ಚಾಲಕರ ಸಣ್ಣಪುಟ್ಟ ಹೆಚ್ಚುಕಡಮೆಗಳೇ ಅದಕ್ಕೆ ಕಾರಣ. ಮುಂದೆ ಅಮೆರಿಕದ ಟೂಸಾನ್ ನಗರದಲ್ಲಿ ಅಂಥದೇ ವೃತ್ತದಲ್ಲಿ ಸುಮಾರು ೨೦ ಕಾರುಗಳ ನಡುವೆ ಒಂದೇ ಒಂದು ಸ್ವಯಂಚಾಲಿತ ಕಾರನ್ನು ಬಿಟ್ಟಾಗ ಆ ಅಲೆ ಅಡಗಿತು.

ಆದರೂ ಜಾಗದ ಲೆಕ್ಕವನ್ನು ತಪ್ಪಿಸಿಕೊಳ್ಳಲಾಗದು. ೪.೫ ಮೀಟರು ಉದ್ದದ ಕಾರುಗಳು ಸೆಕೆಂಡಿಗೆ ೧೫ ಮೀಟರಿನಂತೆ, ಒಂದೂವರೆ ಸೆಕೆಂಡಿನ ಅಂತರವಿಟ್ಟು ಓಡಿದರೆ ಒಂದು ಸಾಲಿನಲ್ಲಿ ಗಂಟೆಗೆ ೨,೦೦೦ ಕಾರುಗಳು ಸಾಗುವುವು. ಯಂತ್ರಗಳು ಅರ್ಧ ಸೆಕೆಂಡಿನ ಅಂತರದಲ್ಲಿ ಓಡಬಲ್ಲುವಾದರೆ ೪,೫೦೦. ಕಾರಿಗೆ ಸರಾಸರಿ ಒಂದೂವರೆ ಮಂದಿಯಂತೆ ೬,೭೫೦ ಜನ. ಅದೇ ಸಾಲಿನಲ್ಲಿ ೫೦ ಮಂದಿ ಕುಳಿತ ಬಸ್ಸುಗಳು ೨೦ ಸೆಕೆಂಡಿಗೊಂದರಂತೆ ಹೋದರೆ ೯,೦೦೦ ಜನ ಸಾಗುವರು! ಅತ್ಯಂತ ಬುದ್ಧಿಶಾಲಿಯಾದ ಕಾರೂ ಸಾಮಾನ್ಯವಾದ ಬಸ್ಸಿಗೆ ಇಲ್ಲಿ ಸೋಲುತ್ತದೆ. ಆದುದರಿಂದ ಸಾರಥಿಯಿಲ್ಲದ ವಾಹನವು ಬಸ್ಸು, ರೈಲುಗಳ ನಿಲ್ದಾಣಕ್ಕೆ ಜನರನ್ನು ತಂದು ಮುಟ್ಟಿಸಿದರೆ ನಗರಕ್ಕೆ ವರವಾಗುವುದು. ಅವುಗಳ ಬದಲಿಗೆ ಬಂದರೆ ಶಾಪವಾಗುವುದು.

ವ್ಯಾಪಾರ, ಜೀವನೋಪಾಯ

ವಾಹನದ ಬುದ್ಧಿ ಮೊದಲು ಲಾಭ ತರುವುದು ದಾರಿ ಸರಳವಾಗಿ, ಜನಸಂಚಾರ ಕಡಮೆಯಾಗಿರುವ ಕಡೆ. ಆಸ್ಟ್ರೇಲಿಯದ ಪಿಲ್‌ಬರಾ ಪ್ರಾಂತದ ಕಬ್ಬಿಣದ ಅದುರಿನ ಗಣಿಗಳಲ್ಲಿ ೨೦೦೮ರಿಂದಲೇ ಚಾಲಕರಿಲ್ಲದ ಭಾರಿ ಲಾರಿಗಳ ಪ್ರಯೋಗ ನಡೆದು, ಮುಂದೆ ಅವು ನಿತ್ಯದ ಕೆಲಸಕ್ಕೆ ಬಂದುವು. ಹೆದ್ದಾರಿಯ ಸರಕು ಸಾಗಣೆ ಇದರ ಮುಂದಿನ ಹೆಜ್ಜೆ. ಮನುಷ್ಯನಿಗೆ ನಿದ್ರೆ ಬೇಕು, ಯಂತ್ರಕ್ಕೆ ಬೇಡ. ಒಂದೇ ಲಾರಿ ಹಗಲಿರುಳೂ ಓಡಿದರೆ ಸಾಗಣೆಯ ವೆಚ್ಚ ತಗ್ಗಿ ಸರಕು ಅಗ್ಗವಾದೀತು.

ಆದರೆ ಅಮೆರಿಕದಲ್ಲಿ ಭಾರಿ ಲಾರಿಗಳ ಚಾಲಕರೇ ೨೦ ಲಕ್ಷ ಮಂದಿಗಿಂತ ಹೆಚ್ಚಾಗಿದ್ದಾರೆ. ಅವರ ಗತಿ? ಚರಿತ್ರೆಯಲ್ಲಿ ಇದಕ್ಕೊಂದು ನಿದರ್ಶನವುಂಟು. ಹಿಂದೆ ಲಿಫ್ಟ್ ನಡೆಸಲು ಒಬ್ಬ ಆಳು ಬೇಕಾಗಿತ್ತು. ಗುಂಡಿ ಒತ್ತಿದರೆ ತಾನಾಗಿ ಓಡುವ ಲಿಫ್ಟ್ ಆಗಲೇ ಇದ್ದರೂ ಜನರು ಅದನ್ನು ಹತ್ತಲು ಅಂಜುತ್ತಿದ್ದರು. ೧೯೪೫ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಲಿಫ್ಟ್ ನೌಕರರು ಮುಷ್ಕರ ಹೂಡಿದಾಗ ಎತ್ತರದ ಕಟ್ಟಡಗಳ ವ್ಯವಹಾರವೇ ನಿಂತುಹೋಯಿತು. ಮುಂದಿನ ವರ್ಷಗಳಲ್ಲಿ ನಿಲುಗಡೆಯ ಗುಂಡಿ, ತುರ್ತಿನ ದೂರವಾಣಿಗಳನ್ನು ಜೋಡಿಸಿ ಮಾಲಿಕರು ಸ್ವಯಂಚಾಲಿತ ಲಿಫ್ಟುಗಳನ್ನು ತಂದರು. ಜನರ ಅಂಜಿಕೆಯೂ ಆ ವೃತ್ತಿಯೂ ಒಟ್ಟಿಗೆ ಮಾಯವಾದುವು. ಇಂದು ಲಿಫ್ಟ್ ಹತ್ತುವ ಯಾರೂ ಆ ನೌಕರರನ್ನು ನೆನೆಯುವುದಿಲ್ಲ. ಹಳೆಯ ವೃತ್ತಿ ಅಳಿದಾಗ ಹೊಸದು ಹುಟ್ಟುವುದೆಂಬ ಮಾತು ಒಟ್ಟಾರೆ ನಿಜವಿರಬಹುದು. ಆದರೆ ಐವತ್ತು ವರ್ಷ ವಯಸ್ಸಾದ ಲಾರಿ ಚಾಲಕನಿಗೆ ಆ ಹೊಸ ವೃತ್ತಿಯು ತಾನಾಗಿ ಒದಗಿಬರುವುದಿಲ್ಲ. ಅದನ್ನು ಒದಗಿಸುವ ಹೊಣೆ ಯಂತ್ರದ ಲಾಭವನ್ನು ಪಡೆಯುವ ಸಮಾಜದ್ದು.

ದಿನದ ಬಾಳು

ಚಾಲನೆ ಬಾರದವರಿಗೆ, ಮುಪ್ಪಿನಿಂದ ಕಣ್ಣು ಮಂದವಾದವರಿಗೆ, ಅಂಗವಿಕಲರಿಗೆ ಈ ವಾಹನವು ಹೊಸ ಸ್ವಾತಂತ್ರ್ಯವನ್ನು ತರಬಲ್ಲುದು. ೨೦೧೫ರಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ ಕಣ್ಣಿಲ್ಲದ ವ್ಯಕ್ತಿಯೊಬ್ಬರು ಚಕ್ರವೂ ಬ್ರೇಕೂ ಇಲ್ಲದ ಗೂಗಲ್ ಕಾರಿನಲ್ಲಿ ಒಬ್ಬರೇ ಕುಳಿತು ಸಾರ್ವಜನಿಕ ರಸ್ತೆಯಲ್ಲಿ ಸುತ್ತಾಡಿ ಬಂದರು. ಈ ಒಂದು ಪ್ರಯಾಣದ ಬೆಲೆಯನ್ನು ಹಣದಲ್ಲಿ ಕಟ್ಟಲಾಗದು.

ನಗರವೊಂದು ಯಂತ್ರಗಳಿಗೆ ಅಂಟಿಕೊಂಡಾಗ ಹೊಸ ಬಗೆಯ ತೊಡಕುಗಳೂ ಬರುವುವು. ೨೦೨೪ರ ಆಗಸ್ಟ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಒಂದು ನಿಲುಗಡೆಯಲ್ಲಿ ಸೇರಿದ ವೇಮೋ ಕಾರುಗಳು ಒಂದನ್ನೊಂದು ಎಚ್ಚರಿಸಲು ನಡುರಾತ್ರಿ ಕಳೆದ ಮೇಲೂ ಹಾರನ್ ಮೊಳಗಿಸುತ್ತ ನೆರೆಯವರ ನಿದ್ರೆಗೆಡಿಸಿದುವು. ೨೦೨೫ರ ಡಿಸೆಂಬರ್‌ನಲ್ಲಿ ಅದೇ ನಗರದಲ್ಲಿ ವಿದ್ಯುತ್ತು ನಿಂತು ಸಿಗ್ನಲ್ ದೀಪಗಳು ಆರಿದಾಗ ಹಲವು ಕಾರುಗಳು ಕೂಡುರಸ್ತೆಗಳಲ್ಲಿಯೇ ನಿಂತುಬಿಟ್ಟುವು. ಸಾವಿರ ಚಾಲಕರು ಸಾವಿರ ಬಗೆಯಲ್ಲಿ ತಪ್ಪುತ್ತಾರೆ. ಒಂದೇ ಬುದ್ಧಿಯ ಸಾವಿರ ಕಾರುಗಳು ಒಂದೇ ಹೊತ್ತಿಗೆ ಒಂದೇ ಬಗೆಯಲ್ಲಿ ತಪ್ಪುತ್ತವೆ.

ನಮ್ಮ ರಸ್ತೆಗಳು

ಭಾರತದ ರಸ್ತೆಗಳನ್ನು ಯಂತ್ರವು ಅರಿಯಬಲ್ಲುದೆ? ಗೆರೆಗಳನ್ನು ಅನುಸರಿಸಿ ಸಾಗುವ ದೇಶಗಳ ಚಿತ್ರಗಳಿಂದ ಪಾಠ ಕಲಿತ ಯಂತ್ರಕ್ಕೆ ಆಟೋರಿಕ್ಷಾ, ಕೈಗಾಡಿ, ರಸ್ತೆಯ ನಡುವೆ ಮಲಗಿದ ಹಸು ಇವುಗಳ ಪರಿಚಯವಿರುವುದಿಲ್ಲ. ಈ ಕೊರತೆಯನ್ನು ನೀಗಲು ಹೈದರಾಬಾದಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯವರು ಹೈದರಾಬಾದು, ಬೆಂಗಳೂರು ಮತ್ತು ಅವುಗಳ ಸುತ್ತಣ ರಸ್ತೆಗಳಲ್ಲಿ ತೆಗೆದ ೧೦,೦೦೦ ಚಿತ್ರಗಳನ್ನು ೩೪ ವರ್ಗಗಳಾಗಿ ಗುರುತಿಸಿ ಸಂಶೋಧಕರಿಗೆ ಒದಗಿಸಿದರು. ಆಟೋರಿಕ್ಷಾ ಅದರಲ್ಲಿ ಒಂದು ಪ್ರತ್ಯೇಕ ವರ್ಗ!

ನಮ್ಮಲ್ಲಿ ಪ್ರಶ್ನೆ ಯಂತ್ರಶಾಸ್ತ್ರದ್ದು ಮಾತ್ರವಲ್ಲ. ೨೦೧೭ರಲ್ಲಿ ಕೇಂದ್ರದ ರಸ್ತೆ ಸಾರಿಗೆ ಸಚಿವರಾದ ನಿತಿನ್ ಗಡ್ಕರಿಯವರು, ಜನರ ಉದ್ಯೋಗವನ್ನು ಕಸಿಯುವ ಚಾಲಕರಹಿತ ಕಾರುಗಳಿಗೆ ಎಡೆಕೊಡುವುದಿಲ್ಲವೆಂದು ಸಾರಿದರು. ಆದರೆ ರೈಲಿನಲ್ಲಿ ಇದೇ ತತ್ತ್ವವು ಆಗಲೇ ಬಂದಿದೆ. ದೆಹಲಿ ಮೆಟ್ರೋದ ಒಂದು ಮಾರ್ಗದಲ್ಲಿ ೨೦೨೦ರ ಡಿಸೆಂಬರ್ ೨೮ರಿಂದ ಚಾಲಕರಹಿತ ರೈಲುಗಳು ಆರಂಭವಾದುವು. ೨೦೨೫ರ ಆಗಸ್ಟ್‌ನಲ್ಲಿ ತೆರೆದ ಬೆಂಗಳೂರಿನ ಹಳದಿ ಮಾರ್ಗದ ರೈಲುಗಳೂ ಚಾಲಕನಿಲ್ಲದೆ ಓಡಬಲ್ಲ ರಚನೆಯುಳ್ಳವು. ಕಂಬಿಯ ಮೇಲೆ ಅಡ್ಡ ಬರುವವರಿಲ್ಲ; ಆದುದರಿಂದ ಅಲ್ಲಿ ಯಂತ್ರದ ಕೆಲಸ ಸುಲಭ, ಒಮ್ಮೆಗೆ ಸಾಗುವ ಜನವೂ ಅಧಿಕ.

ಆಯ್ಕೆ ನಮ್ಮದು

ಮೇಲಿನ ವಿಚಾರಗಳಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಸಾರಥಿಯಿಲ್ಲದ ವಾಹನವು ನಗರವನ್ನು ತಾನಾಗಿ ಸುಧಾರಿಸುವುದೂ ಇಲ್ಲ, ಕೆಡಿಸುವುದೂ ಇಲ್ಲ. ಬರಿಯ ಕಾರಿನ ಓಟಕ್ಕೆ ಸುಂಕವುಂಟೇ, ಬಸ್ಸಿಗೆ ಪ್ರತ್ಯೇಕ ದಾರಿಯುಂಟೇ, ಅಪಘಾತವಾದಾಗ ಹೊಣೆ ಯಾರದು, ಕೆಲಸ ಕಳೆದುಕೊಂಡವನಿಗೆ ಆಸರೆ ಯಾವುದು ಎಂಬ ಪ್ರಶ್ನೆಗಳಿಗೆ ಕೊಡುವ ಉತ್ತರದಂತೆ ಊರು ರೂಪುಗೊಳ್ಳುವುದು. ಮೋಟಾರು ಮೊದಲು ಬಂದಾಗ ಈ ಪ್ರಶ್ನೆಗಳನ್ನು ಕೇಳಲು ಜನರಿಗೆ ಹೊಳೆಯಲಿಲ್ಲ. ಕಾಲುದಾರಿಗಳನ್ನೂ ಮರಗಳನ್ನೂ ಅದಕ್ಕೆ ಬಿಟ್ಟುಕೊಟ್ಟರು. ಎರಡನೆಯ ಬಾರಿ ಅದೇ ಪರೀಕ್ಷೆ ಬರುತ್ತಿದೆ. ಇದನ್ನು ಬರೆಯಬೇಕಾದವರು ಇಂದು ಶಾಲೆ ಕಾಲೇಜುಗಳಲ್ಲಿ ಓದುತ್ತಿರುವವರೇ.

ಅಭ್ಯಾಸಕ್ಕೆ ಕೆಲವು ಪ್ರಶ್ನೆಗಳು

೧. ಗಂಟೆಗೆ ೭೨ ಕಿಲೋಮೀಟರು ವೇಗದ ಕಾರಿಗೆ ನಿಲ್ಲುವ ದೂರವನ್ನು ಮನುಷ್ಯ ಮತ್ತು ಯಂತ್ರಗಳಿಗೆ ಬೇರೆಬೇರೆಯಾಗಿ ಗುಣಿಸಿರಿ. ವೇಗವು ಒಂದು ಪಾಲು ಏರಿದರೆ ಬ್ರೇಕಿನ ದೂರ ಎಷ್ಟು ಪಾಲು ಏರಿತು?

೨. ಒದ್ದೆಯಾದ ರಸ್ತೆಯಲ್ಲಿ ವೇಗಾಪಕರ್ಷವು ಅರ್ಧಕ್ಕೆ ಇಳಿದರೆ, ೨೫ ಮೀಟರು ದೂರದ ಮಗುವನ್ನು ಯಂತ್ರವು ಉಳಿಸಬಲ್ಲುದೆ?

೩. ನಿಮ್ಮ ಊರಿನ ಒಂದು ಕೂಡುರಸ್ತೆಯ ಬದಿಯಲ್ಲಿ ನಿಂತು ಕಾಲು ಗಂಟೆಯಲ್ಲಿ ಹಾದುಹೋಗುವ ವಾಹನಗಳನ್ನೂ ಅವುಗಳಲ್ಲಿರುವ ಜನರನ್ನೂ ಎಣಿಸಿರಿ. ರಸ್ತೆಯ ಹೆಚ್ಚಿನ ಜಾಗವನ್ನು ಹಿಡಿದವರು ಯಾರು? ಹೆಚ್ಚಿನ ಜನರನ್ನು ಸಾಗಿಸಿದುದು ಯಾವುದು?